ಅಮೆರಿಕಕ್ಕೆ ಹೊರಟಿದ್ದೀರಾ? ‘ನಾವು ಲೀಗಲ್ ಅಲ್ವಾ’ ಅಂತ ಸುಮ್ನೆ ಕೂರಬೇಡಿ

ರಜೆಗೆ ಬೆಂಗಳೂರಿಗೆ ಬಂದರೆ ಸಾಕು, ಜಯನಗರದಲ್ಲಾಗಲಿ ವಿಜಯನಗರದಲ್ಲಾಗಲಿ ಈಗ ಒಂದೇ ಪ್ರಶ್ನೆ. ‘ಅಲ್ಲಿ ಹಿಡಿದು ವಾಪಸ್ ಕಳಿಸ್ತಿದ್ದಾರಂತೆ, ನಮ್ಮ ಹುಡುಗನನ್ನ ಕಳಿಸೋದೋ ಬೇಡವೋ?’ 2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಬೇಡಿ ಹಾಕಿ ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸಿದ್ದನ್ನು ಎಲ್ಲರೂ ನೋಡಿದ್ದಾರೆ. ಅಪ್ಪ ಅಮ್ಮ ಹೆದರುತ್ತಾರೆ. ಹೊರಟವರು ಮಾತ್ರ ‘ಅವರು ಡಂಕಿ ಹೊಡೆದು, ಕಳ್ಳದಾರಿಯಲ್ಲಿ ಗಡಿ ದಾಟಿ ಹೋದವರು, ನಮಗೇನು?’ ಅಂತಾರೆ. ನಾನು ಬರೆಯುತ್ತಿರುವುದು ಹೀಗೆ ಅನ್ನುವವರಿಗಾಗಿ.

ಮೊದಲು ಅಲ್ಲಿನ ಜನರ ಮನಸ್ಸು ಹೇಗಿದೆ ಅಂತ ತಿಳಿದುಕೊಳ್ಳಿ. ಅಮೆರಿಕನ್ನರೆಲ್ಲ ವಲಸಿಗರ ವಿರುದ್ಧ ತಿರುಗಿಬಿದ್ದಿದ್ದಾರೆ ಅನ್ನುವುದು ಟಿವಿಯ ಮಾತು. ಅಲ್ಲಿನ ಗ್ಯಾಲಪ್ ಸಂಸ್ಥೆಯ ಸಮೀಕ್ಷೆ ನೋಡಿ. 2024ರಲ್ಲಿ 55% ಜನ ವಲಸೆ ಕಡಿಮೆಯಾಗಬೇಕು ಅಂದಿದ್ದರು. ಒಂದೇ ವರ್ಷದಲ್ಲಿ ಅದು 30%ಕ್ಕೆ ಇಳಿಯಿತು. ಅಕ್ರಮವಾಗಿ ಇರುವವರನ್ನೆಲ್ಲ ಗಡಿಪಾರು ಮಾಡಿ ಅನ್ನುವವರು 47%ರಿಂದ 38%ಕ್ಕೆ ಬಂದರು. ವಲಸೆ ದೇಶಕ್ಕೆ ಒಳ್ಳೆಯದು ಅಂದವರು 79%.

ಇಷ್ಟು ಬೇಗ ಯಾಕೆ ಬದಲಾಯಿತು? ನನಗೆ ಅನಿಸುವುದು ಇಷ್ಟು. 2023ರಲ್ಲಿ ದಕ್ಷಿಣದ ಗಡಿಯಲ್ಲಿ ಜನ ಸಾಲುಗಟ್ಟಿ ನಿಂತಿದ್ದಾಗ ಸಿಟ್ಟು ಗಡಿಯ ಮೇಲಿತ್ತು. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಹೋಮ್ ಡಿಪೋ ಅನ್ನುವ ಹಾರ್ಡ್‌ವೇರ್ ಅಂಗಡಿಯ ಪಾರ್ಕಿಂಗ್‌ನಲ್ಲಿ ಕೂಲಿಗೆ ನಿಂತವರನ್ನು ಹಿಡಿಯತೊಡಗಿದಾಗ, ಸಿಕ್ಕಿಬಿದ್ದವನು ತಮ್ಮ ಮನೆಗೆ ಬಣ್ಣ ಹೊಡೆದವನೇ ಆಗಿದ್ದ. ಗಡಿ ಬಿಗಿ ಮಾಡಿ ಅನ್ನುವ ಮನುಷ್ಯನೇ ‘ನಮ್ಮ ತೋಟದ ಕೆಲಸದವನನ್ನ ಮುಟ್ಟಬೇಡಿ’ ಅಂತಾನೆ. ಆದ್ದರಿಂದ ಆಫೀಸಿನಲ್ಲಿ ಒಬ್ಬರು ಯಾವ ಪಕ್ಷಕ್ಕೆ ಓಟು ಹಾಕುತ್ತಾರೆ ಅಂತ ಗೊತ್ತಾದ ಮಾತ್ರಕ್ಕೆ ಈ ವಿಷಯದಲ್ಲಿ ಅವರ ಅಭಿಪ್ರಾಯ ಊಹಿಸಲು ಹೋಗಬೇಡಿ.

ಇನ್ನು ನಮ್ಮವರ ವಿಷಯ. ಅಕ್ರಮ ವಲಸಿಗರ ಮೇಲೆ ಅತಿ ಖಾರವಾಗಿ ಮಾತಾಡುವವರಲ್ಲಿ ವೀಸಾ ಹಿಡಿದು ಬಂದ ಭಾರತೀಯರೂ ಕಡಿಮೆಯಿಲ್ಲ. ಕಾರಣ ಇಲ್ಲದೆ ಅಲ್ಲ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ 7% ಮಿತಿ. ಭಾರತದವರ ಸಾಲು ದಶಕಗಳಷ್ಟು ಉದ್ದ. ಆ ಸಾಲಿನಲ್ಲಿ ನಿಂತವನಿಗೆ, 1986ರಲ್ಲಿ ಅಂದಿನ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನಿನಲ್ಲಿ ಅಕ್ರಮವಾಗಿ ಇದ್ದ ಸುಮಾರು 27 ಲಕ್ಷ ಜನರಿಗೆ ಮಾಫಿ ಸಿಕ್ಕಿತ್ತು ಅಂತ ಕೇಳಿದರೆ ಹೊಟ್ಟೆ ಉರಿಯುತ್ತದೆ. ಬೆಂಗಳೂರಿನಲ್ಲಿ ಪ್ಲಾನ್ ಸ್ಯಾಂಕ್ಷನ್ ಮಾಡಿಸಿ ಮನೆ ಕಟ್ಟಿದವನಿಗೆ ಅಕ್ರಮ-ಸಕ್ರಮ ಅಂದರೆ ಆಗುವ ಉರಿ ಇದೇ. ಆದರೆ ರೆವಿನ್ಯೂ ಸೈಟಿನಲ್ಲಿ ಮನೆ ಕಟ್ಟಿಕೊಂಡು ಕಂದಾಯ ಕಟ್ಟುತ್ತಾ ಬಂದವರೂ ನಮ್ಮ ನೆಂಟರೇ ತಾನೇ? ಅವರ ಮನೆಗೆ ಬುಲ್ಡೋಜರ್ ತನ್ನಿ ಅಂತ ನಾವು ಹೇಳುವುದಿಲ್ಲ.

ಬುಲ್ಡೋಜರ್ ಅಂದೆನಲ್ಲ, 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶಿಗಳು’ ಅಂತ ಹೇಳಿ ಗುಡಿಸಲುಗಳನ್ನು ಕೆಡವಿದ್ದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರದವರಿದ್ದರು, ನಮ್ಮ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು. ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಅಮೆರಿಕದಲ್ಲೂ ಇದೇ ನಡೆಯುತ್ತಿದೆ. ಮೈಬಣ್ಣ, ಭಾಷೆ, ಕೆಲಸದ ಜಾಗ ಇಷ್ಟನ್ನೇ ನೋಡಿ ತಡೆಯಬೇಡಿ ಅಂತ ಲಾಸ್ ಏಂಜಲೀಸ್‌ನ ಫೆಡರಲ್ ನ್ಯಾಯಾಧೀಶರು ಕೊಟ್ಟ ಆದೇಶವನ್ನು 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಡೆಹಿಡಿಯಿತು. ರಸ್ತೆಯಲ್ಲಿ ಫೋನಿನಲ್ಲಿ ಕನ್ನಡ ಮಾತಾಡುತ್ತಾ ಹೋಗುವ ಕಂದು ಮೈಬಣ್ಣದವರ ಜೇಬಿನಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾ ಇದೆ ಅಂತ ದೂರದಿಂದ ಯಾರಿಗೆ ಗೊತ್ತಾಗುತ್ತದೆ? ಅದೇ ತಿಂಗಳು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆ ಬಂತು. ಅದು ಬಂದದ್ದು ಸಕ್ರಮದವರ ತಲೆಗೇ.

ಈಗ ಕೆಲಸಕ್ಕೆ ಬರುವ ಮಾತು. ವೀಸಾ ಸ್ಟಾಂಪಿನ ಮೇಲಿರುವ ತಾರೀಕು ನೀವು ಎಷ್ಟು ದಿನ ಇರಬಹುದು ಅನ್ನುವುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ಐ-94, ಅಂದರೆ ನೀವು ಆ ದೇಶದೊಳಗೆ ಬಂದದ್ದರ ದಾಖಲೆ. ಇಳಿದ ವಾರದಲ್ಲೇ ವೆಬ್‌ಸೈಟಿನಿಂದ ಅದನ್ನು ತೆಗೆದು ಓದಿ. ಎಚ್-1ಬಿ ಮೂರು ವರ್ಷಕ್ಕೆ ಸಿಕ್ಕಿದ್ದರೂ ಪಾಸ್‌ಪೋರ್ಟ್ ಮುಂದಿನ ವರ್ಷ ಮುಗಿಯುವುದಾದರೆ ಏರ್‌ಪೋರ್ಟಿನ ಅಧಿಕಾರಿ ಐ-94ನ್ನು ಅಲ್ಲಿಗೇ ನಿಲ್ಲಿಸುವುದುಂಟು. ಜನ ಗಮನಿಸದೆ ಅಕ್ರಮವಾಗುವುದು ಇಲ್ಲೇ. ಆ ದಿನ ದಾಟಿ 180 ದಿನಕ್ಕಿಂತ ಜಾಸ್ತಿ ಉಳಿದು ಹೊರಬಿದ್ದರೆ 3 ವರ್ಷ, ಒಂದು ವರ್ಷ ಉಳಿದರೆ 10 ವರ್ಷ ಒಳಗೆ ಬಿಡುವುದಿಲ್ಲ. ಇಲ್ಲಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ ನವೀಕರಿಸಿಕೊಂಡೇ ವಿಮಾನ ಹತ್ತಿ.

ಓದಲು ಹೋಗುವವರು ‘ಸಂಜೆ ಅಂಗಡಿಯಲ್ಲಿ ನಿಲ್ಲು, ಕ್ಯಾಷ್ ಕೊಡ್ತೀವಿ’ ಅನ್ನುವವರಿಂದ ದೂರ ಇರಿ. ಹೇಳುವವರು ನಮ್ಮವರೇ ಆಗಿರುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ, ಅಷ್ಟೇ. ಕ್ಲಾಸೇ ಇಲ್ಲದ ಕಾಲೇಜು ಅಂದರೆ ಇನ್ನೂ ದೂರ. ಮಿಷಿಗನ್‌ನ ಫಾರ್ಮಿಂಗ್ಟನ್ ಯೂನಿವರ್ಸಿಟಿಯನ್ನು ಸರ್ಕಾರದವರೇ ಬಲೆಯಾಗಿ ನಡೆಸುತ್ತಿದ್ದರು. 2019ರಲ್ಲಿ ಸಿಕ್ಕಿಬಿದ್ದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಭಾರತದವರು.

ಕೆಲಸ ಹೋದರೆ ಎಚ್-1ಬಿಯವರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಮನೆ ಬದಲಾಯಿಸಿದರೆ 10 ದಿನದೊಳಗೆ ಎಆರ್-11 ಅನ್ನುವ ವಿಳಾಸ ಬದಲಾವಣೆಯ ಫಾರಂ ತುಂಬಿ. 18 ದಾಟಿದವರು ಐ-94 ಪ್ರಿಂಟನ್ನೋ ಗ್ರೀನ್ ಕಾರ್ಡನ್ನೋ ಜೊತೆಯಲ್ಲೇ ಇಟ್ಟುಕೊಳ್ಳಬೇಕು ಅಂತ ಕಾನೂನಿದೆ.

ಬಾಗಿಲ ವಿಷಯ ಒಂದಿದೆ. ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಪೊಲೀಸರು ಬಂದರೆ ನಾವು ಕೂರಿಸಿ ಕಾಫಿ ಕೊಡುವವರು. ಅಲ್ಲಿ ವಲಸೆ ಇಲಾಖೆಯವರು, ಅಂದರೆ ಐಸ್‌ನವರು, ಬಾಗಿಲು ಬಡಿದರೆ ತೆಗೆಯುವ ಮೊದಲು ವಾರಂಟ್ ಕೇಳಿ. ಕಿಟಕಿಯಿಂದಲೋ ಬಾಗಿಲ ಸಂದಿಯಿಂದಲೋ ತೋರಿಸಲಿ. ಅದರ ಮೇಲೆ ನ್ಯಾಯಾಧೀಶರ ಸಹಿ ಇದೆಯೋ ಇಲಾಖೆಯ ಅಧಿಕಾರಿಯದು ಮಾತ್ರವೋ ನೋಡಿ. ಇಲಾಖೆಯ ಸಹಿ ಮಾತ್ರ ಇದ್ದರೆ ನೀವು ಬಾಗಿಲು ತೆಗೆಯಲೇಬೇಕು ಅಂತಿಲ್ಲ. ವಾದ ಬೇಡ, ಓಡುವುದು ಬೇಡ, ಸುಳ್ಳಂತೂ ಬೇಡವೇ ಬೇಡ. ‘ವಕೀಲರ ಜೊತೆ ಮಾತಾಡುತ್ತೇನೆ’ ಅನ್ನಿ.

ಇನ್ನೊಂದು ನಮ್ಮ ಚಾಳಿ. ಸಂಬಳ, ಬಾಡಿಗೆ ಕೇಳಿದ ಹಾಗೆ ‘ನಿಮ್ಮ ಸ್ಟೇಟಸ್ ಏನು?’ ಅಂತ ಕೇಳಿಬಿಡುತ್ತೇವೆ. ಕನ್ನಡ ಕೂಟದ ಊಟದ ಸಾಲಿನಲ್ಲೂ ಕೇಳಬೇಡಿ, ಮನೆ ಗುಡಿಸಲು ಬರುವ ಹೆಂಗಸನ್ನೂ ಕೇಳಬೇಡಿ. ‘ಇಂಡಿಯನ್ ಅಂಗಡಿಗೆ ಐಸ್ ಬಂದಿದೆಯಂತೆ’ ಅಂತ ವಾಟ್ಸಾಪ್‌ನಲ್ಲಿ ಬಂದರೆ ಕಣ್ಣಾರೆ ನೋಡಿದವರು ಯಾರು ಅಂತ ವಿಚಾರಿಸದೆ ಮುಂದೆ ಕಳಿಸಬೇಡಿ. ಐ-94, ಕಾಲೇಜು ಕೊಡುವ ಐ-20, ಎಚ್-1ಬಿ ಕಾಗದಗಳ ಒಂದು ಜೆರಾಕ್ಸ್ ಸೆಟ್ ಬೆಂಗಳೂರಿನ ಮನೆಯಲ್ಲಿರಲಿ, ವಕೀಲರ ನಂಬರ್ ಅಪ್ಪ ಅಮ್ಮನ ಹತ್ತಿರವೂ ಇರಲಿ.