ಗುಲಾಬಿ ಬಣ್ಣದ ಪ್ಲಾಸ್ಮಾ

ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ಮೈಕ್ರೋಆರ್‌ಎನ್‌ಎ ಅಳೆಯುವುದು ನನ್ನ ಕೆಲಸ. ಇವು ಸುಮಾರು 22 ಅಕ್ಷರ ಉದ್ದದ ಪುಟಾಣಿ ಆರ್‌ಎನ್‌ಎಗಳು. ಇವುಗಳಿಂದ ಪ್ರೋಟೀನ್ ತಯಾರಾಗುವುದಿಲ್ಲ. ಬೇರೆ ಜೀನುಗಳ ಎಂಆರ್‌ಎನ್‌ಎಗೆ (ಪ್ರೋಟೀನ್ ತಯಾರಿಸುವ ಆದೇಶ ಹೊತ್ತ ಪ್ರತಿಗೆ) ಅಂಟಿಕೊಂಡು ಅವುಗಳ ಬಾಯಿ ಮುಚ್ಚಿಸುತ್ತವೆ, ಅಷ್ಟೇ. ಆದರೆ ಬಾಯಿ ಯಾರದ್ದು ಅನ್ನೋದೇ ಮುಖ್ಯ. ಮಿರ್-21 (ಮಿರ್ ಅಂದರೆ ಮೈಕ್ರೋಆರ್‌ಎನ್‌ಎ, ಅಂಕಿ ಅದರ ಗುರುತು) ಜಾಸ್ತಿಯಾದರೆ ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪಿಟೆನ್ ಜೀನು ಸುಮ್ಮನಾಗುತ್ತದೆ. ಮಿರ್-15, ಮಿರ್-16 ಇಲ್ಲವಾದರೆ ಕೋಶವನ್ನು ಸಾಯಲು ಬಿಡದ ಬಿಸಿಎಲ್-2 ಪ್ರೋಟೀನ್ ಹೆಚ್ಚಿ, ಸಾಯಬೇಕಾದ ಕೋಶ ಸಾಯುವುದೇ ಇಲ್ಲ. ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ ಇವೆರಡೂ ಕಳೆದುಹೋಗಿರುವುದನ್ನು ವಿಜ್ಞಾನಿ ಕಾರ್ಲೋ ಕ್ರೋಚೆ ಅವರ ತಂಡ 2002ರಲ್ಲೇ ತೋರಿಸಿತ್ತು.

ನಾನು ನೋಡುತ್ತಿದ್ದದ್ದು ಗಡ್ಡೆಯ ಕ್ಯಾನ್ಸರ್. ಮೊದಲ ಸುತ್ತಿನಲ್ಲೇ ರೋಗಿಗಳ ಪ್ಲಾಸ್ಮಾದಲ್ಲಿ (ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವದಲ್ಲಿ) ಮಿರ್-16, ಮಿರ್-451 ಎರಡೂ ಜೋರಾಗಿ ಏರಿದ್ದವು. ಕ್ಯಾನ್ಸರ್ ತಡೆಯುವ ಮಿರ್-16 ಯಾಕೆ ಏರಿತು ಅಂತ ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಗ್ರಾಫ್ ಚೆನ್ನಾಗಿತ್ತು, ಎರಡು ದಿನ ಅದನ್ನೇ ನೋಡಿಕೊಂಡು ಕೂತೆ.

ಮೂರನೇ ದಿನ ಉಳಿದ ಟ್ಯೂಬುಗಳನ್ನು ಐಸಿನಲ್ಲಿ ಸಾಲಾಗಿ ನಿಲ್ಲಿಸಿದಾಗ ಕಣ್ಣಿಗೆ ಬಿತ್ತು. ಆರೋಗ್ಯವಂತರದ್ದು ಒಣಹುಲ್ಲಿನ ಬಣ್ಣ. ರೋಗಿಗಳ ಎಷ್ಟೋ ಟ್ಯೂಬುಗಳಲ್ಲಿ ತೆಳು ಗುಲಾಬಿ. ಕೀಮೋ ಆಗಿ ನರ ಸಿಗದ ಕೈಗಳಿಂದ ಎಳೆದು ತೆಗೆದ ರಕ್ತ ಅದು. ಕೆಂಪು ರಕ್ತಕಣಗಳು ಒಡೆದಿದ್ದವು. ಮಿರ್-16 ಮತ್ತು ಮಿರ್-451 ಆ ಕಣಗಳಲ್ಲಿ ತುಂಬಿ ತುಳುಕುತ್ತವೆ. ನಾನು ಅಳೆದದ್ದು ಗಡ್ಡೆಯನ್ನಲ್ಲ, ಸೂಜಿಯನ್ನು!

ಆಮೇಲೆ ಕ್ರಮ ಬದಲಾಯಿಸಿದೆ. ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿಗೆ ಹಾಕುವ ಹೆಪಾರಿನ್, ಆರ್‌ಎನ್‌ಎ ಅಳೆಯುವ ಪಿಸಿಆರ್ ಪರೀಕ್ಷೆಯನ್ನು ಕೆಡಿಸುತ್ತದೆ, ಹಾಗಾಗಿ ಅದೇ ಕೆಲಸ ಮಾಡುವ ಇಡಿಟಿಎ ಇರುವ ಟ್ಯೂಬು ಮಾತ್ರ. ಎರಡು ಸಲ ಸೆಂಟ್ರಿಫ್ಯೂಜ್. ಬರಿಗಣ್ಣಿಗೆ ಕಾಣದ ಕೆಂಪು ಹಿಡಿಯಲು ಪ್ರತಿ ಸ್ಯಾಂಪಲ್ಲನ್ನೂ 414 ನ್ಯಾನೋಮೀಟರಿನ ಬೆಳಕಿನಲ್ಲಿ ಓದುತ್ತೇನೆ, ಹಿಮೋಗ್ಲೋಬಿನ್ ಇದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಪಿಸಿಆರ್‌ನಲ್ಲಿ ಸಂಕೇತ ಕಾಣಿಸಲು ಬೇಕಾದ ಸುತ್ತುಗಳಿಗೆ ಸಿಟಿ ಅನ್ನುತ್ತಾರೆ, ಆರ್‌ಎನ್‌ಎ ಜಾಸ್ತಿ ಇದ್ದಷ್ಟೂ ಅದು ಕಡಿಮೆ. ಕಣ ಒಡೆದರೂ ಹೆಚ್ಚು ಬದಲಾಗದ ಮಿರ್-23ಎ ಸಿಟಿಯಿಂದ ಮಿರ್-451 ಸಿಟಿ ಕಳೆದು, ಉತ್ತರ 7 ದಾಟಿದರೆ ಆ ಟ್ಯೂಬು ಪಕ್ಕಕ್ಕೆ. ಮಿರ್-16ನ್ನು ಹೋಲಿಕೆಗೆ ಆಧಾರವಾಗಿ ಬಳಸುವುದನ್ನೂ ಬಿಟ್ಟೆ. ಅದರ ಬದಲು ಹುಳುವಿನ ಮಿರ್-39ನ್ನು ಅಳತೆ ಮಾಡಿ ಸೇರಿಸುತ್ತೇನೆ, ಮನುಷ್ಯರಲ್ಲಿ ಅದು ಇಲ್ಲ.

ಗುಲಾಬಿ ಟ್ಯೂಬುಗಳನ್ನು ತೆಗೆದು ಮತ್ತೆ ಲೆಕ್ಕ ಹಾಕಿದಾಗ ಆ ಚೆಂದದ ಗ್ರಾಫ್ ನೆಲಕಚ್ಚಿತು. ಮಿರ್-21ರಲ್ಲಿ ಮಾತ್ರ ಸಣ್ಣ ವ್ಯತ್ಯಾಸ ಉಳಿಯಿತು. ಈಗ ಅದರ ಹಿಂದೆ ಬಿದ್ದಿದ್ದೇನೆ.