ರೇಸ್ ಕಾರಿಗೆ ಲಿವರಿ: ಹೊಸದಾಗಿ ವಿನ್ಯಾಸದ ಕಸುಬು ಶುರುಮಾಡುವವರಿಗೆ

ರ‍್ಯಾಲಿ ಕಾರಿಗೆ ಲಿವರಿ (ಕಾರಿನ ಮೈಮೇಲಿನ ಬಣ್ಣ, ಪಟ್ಟೆ, ಹೆಸರು, ಲೋಗೊಗಳ ವಿನ್ಯಾಸ) ಮಾಡಿಕೊಡಿ ಎಂದು ತಂಡದವರು ಕೇಳಿದ ದಿನವೇ ಅವರಿಂದ ಆ ಸ್ಪರ್ಧೆಯ ಪೂರಕ ನಿಯಮಾವಳಿ ತರಿಸಿಕೊಳ್ಳಿ. ಕಾರಿನ ಮೈಮೇಲೆ ಯಾವ ಜಾಗ ಆಯೋಜಕರದ್ದು, ಯಾವುದು ತಂಡದ್ದು ಎಂಬುದು ಅದರಲ್ಲಿರುತ್ತದೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ ರ‍್ಯಾಲಿಗಳಲ್ಲಿ ಮುಂದಿನ ಎರಡೂ ಬಾಗಿಲಿಗೆ 67 ಸೆಂ.ಮೀ. ಅಗಲ, 17 ಸೆಂ.ಮೀ. ಎತ್ತರದ ಫಲಕ ಬರುತ್ತದೆ. ಹಿಂದಿನ ಪಕ್ಕದ ಗಾಜುಗಳ ಮೇಲೆ 20 ಸೆಂ.ಮೀ. ಎತ್ತರದ, ಹೊಳೆಯುವ ಫ್ಲೋರೊಸೆಂಟ್ ಕಿತ್ತಳೆ ಬಣ್ಣದ ಅಂಕಿ. ನಮ್ಮ ದೇಶದ ಸ್ಪರ್ಧೆಗಳು ಇಲ್ಲಿನ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಅಡಿಯಲ್ಲಿ ನಡೆಯುತ್ತವೆ. ಅಲ್ಲಿನ ಅಳತೆ ಬೇರೆ ಇರಬಹುದಾದ್ದರಿಂದ ಆಯೋಜಕ ಕ್ಲಬ್ಬಿನ ನಿಯಮವನ್ನೂ ಸೇರಿಸಿ ಓದಿ. ಈ ಜಾಗಗಳನ್ನು ಮೊದಲು ಖಾಲಿ ಚೌಕಗಳಾಗಿ ಗುರುತು ಹಾಕಿ ಆ ಲೇಯರನ್ನು ಲಾಕ್ ಮಾಡಿಬಿಡಿ. ಈ ಕೆಲಸ ತಪ್ಪಿದರೆ ಸ್ಕ್ರೂಟಿನಿಯ (ಸ್ಪರ್ಧೆಗೆ ಮುಂಚಿನ ಕಾರು ತಪಾಸಣೆಯ) ಬೆಳಿಗ್ಗೆ ನಂಬರ್ ಫಲಕ ಸ್ಪಾನ್ಸರ್ ಹೆಸರಿನ ಅರ್ಧವನ್ನೇ ಮುಚ್ಚಿಬಿಡುತ್ತದೆ.

ಅದರ ಜೊತೆಗೆ ಸ್ಪಾನ್ಸರ್ ಪಟ್ಟಿ ಬೇಕು: ಯಾರ ಲೋಗೊ, ಎಲ್ಲಿ, ಎಷ್ಟು ಸೆಂ.ಮೀ., ಎಲ್ಲವೂ ಬರಹದಲ್ಲಿ. ಲೋಗೊಗಳು ವೆಕ್ಟರ್ ಫೈಲಿನಲ್ಲೇ (ಎಷ್ಟು ಹಿಗ್ಗಿಸಿದರೂ ಅಂಚು ಕೆಡದ ಫೈಲು) ಬರಬೇಕು. ವಾಟ್ಸಾಪ್‌ನಲ್ಲಿ ಬಂದ ಜೆಪೆಗ್ ಬಾನೆಟ್ಟಿನಷ್ಟು ದೊಡ್ಡದಾದರೆ ಅಂಚೆಲ್ಲ ಹಲ್ಲುಹಲ್ಲಾಗಿ ಕಾಣುತ್ತದೆ. ಹಳೆಯ ಫಾರ್ಮುಲಾ ಒನ್ ಕಾರುಗಳ ಸಿಗರೇಟು ಲಿವರಿಯಂತೆಯೇ ಬೇಕು ಎನ್ನುವ ಗ್ರಾಹಕರು ಸಿಕ್ಕೇ ಸಿಗುತ್ತಾರೆ. 2003ರ ಕಾಯ್ದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿದೆ. ಬ್ರ್ಯಾಂಡಿನ ಹೆಸರು, ಲೋಗೊ ಎರಡನ್ನೂ ಒಪ್ಪಿಕೊಳ್ಳಬೇಡಿ.

ಅಳತೆ ಮತ್ತು ಚಿತ್ರ

ಇಂಟರ್ನೆಟ್ಟಿನಲ್ಲಿ ಕೊಂಡ ಕಾರಿನ ಟೆಂಪ್ಲೇಟನ್ನು (ಕಾರಿನ ಎಲ್ಲ ಬದಿಗಳ ಗೆರೆಚಿತ್ರ) ಹಾಗೇ ನಂಬಬೇಡಿ. ರ‍್ಯಾಲಿ ಕಾರಿಗೆ ಬೇರೆ ಬಂಪರ್, ರೂಫ್ ವೆಂಟ್, ಬಾನೆಟ್ ಪಿನ್ ಬಂದಿರುತ್ತವೆ. ಕಾರಿನಿಂದ ಸುಮಾರು ಹತ್ತು ಮೀಟರ್ ದೂರ ನಿಂತು, ಬಾಗಿಲ ಹಿಡಿಯ ಎತ್ತರದಲ್ಲಿ ಕ್ಯಾಮೆರಾ ಹಿಡಿದು, ಜೂಮ್ ಮಾಡಿ ಫೋಟೊ ತೆಗೆಯಿರಿ. ಹತ್ತಿರದಿಂದ ತೆಗೆದರೆ ಕಾರಿನ ನಡುಭಾಗ ಉಬ್ಬಿದಂತೆ ಬರುತ್ತದೆ. ಆಮೇಲೆ ಟೇಪು ಹಿಡಿದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ, ಪ್ರತಿ ಬಾಗಿಲಿನ ಅಗಲ, ಬಾನೆಟ್ಟಿನ ಉದ್ದಗಲ ಬರೆದುಕೊಂಡು ಟೆಂಪ್ಲೇಟನ್ನು ಅದಕ್ಕೆ ಸರಿಹೊಂದಿಸಿ. 1:10 ಅಳತೆಯಲ್ಲಿ ಕೆಲಸ ಮಾಡುವುದು ಸಲೀಸು. ಆದರೆ ಫೋಟೊ ಅಥವಾ ಟೆಕ್ಸ್ಚರ್ ಇದ್ದರೆ ಪೂರ್ಣ ಗಾತ್ರದಲ್ಲಿ ಇಂಚಿಗೆ 100ರಿಂದ 150 ಚುಕ್ಕೆ ಉಳಿಯಬೇಕು, ಅಂದರೆ 1:10ರಲ್ಲಿ 1000ದಿಂದ 1500.

ಪರದೆಯ ಮೇಲಿನ ನೇರ ಗೆರೆ ಉಬ್ಬಿದ ಫೆಂಡರಿನ ಮೇಲೆ ನೇರವಾಗಿ ಉಳಿಯುವುದಿಲ್ಲ. ಫೆಂಡರಿನಿಂದ ಬಂಪರಿಗೆ ದಾಟುವ ಪಟ್ಟೆಯನ್ನು ಕೂಡಿಸುವುದಂತೂ ಅಂಟಿಸುವವರಿಗೆ ದೊಡ್ಡ ತಲೆನೋವು, ಯಾಕೆಂದರೆ ಬಂಪರಿನ ಮೇಲೆ ಫಿಲ್ಮನ್ನು (ಚಿತ್ರ ಪ್ರಿಂಟ್ ಮಾಡಿದ ಅಂಟುವ ವಿನೈಲ್ ಹಾಳೆ) ಎಳೆದು ಹಿಗ್ಗಿಸಲೇಬೇಕು. ಅದಕ್ಕೇ ಎರಡೂ ಬಂಪರುಗಳಿಗೆ ಒಂದೇ ಬಣ್ಣ ಕೊಡುವುದು ಜಾಣತನ. ಸ್ಪರ್ಧೆಯಲ್ಲಿ ಮೊದಲು ಒಡೆಯುವುದೂ ಅವೇ. ಸರ್ವೀಸ್ ಪಾರ್ಕಿನಲ್ಲಿ (ಸ್ಪರ್ಧೆಯ ನಡುವೆ ಕಾರು ರಿಪೇರಿ ಮಾಡುವ ಜಾಗ) ಬೇರೆ ಬಂಪರ್ ಹಾಕಿದಾಗ ಚಿತ್ರ ತುಂಡಾಗಿ ಕಾಣುವುದಿಲ್ಲ. ಬಾಗಿಲ ಸಂದು, ಹಿಡಿ, ಪೆಟ್ರೋಲ್ ಮುಚ್ಚಳದ ಮೇಲೆ ಅಕ್ಷರ ಬಾರದಂತೆ ನೋಡಿಕೊಳ್ಳಿ.

ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ಮಣ್ಣುದಾರಿಗಳಲ್ಲಿ ಓಡುವ ಕಾರಿಗೆ ಇನ್ನೊಂದು ಲೆಕ್ಕವಿದೆ. ಬಾಗಿಲ ಹಿಡಿಯಿಂದ ಕೆಳಗಿನ ಭಾಗ ಬೇಗ ಕೆಂಧೂಳಿನಲ್ಲಿ ಮುಚ್ಚಿಹೋಗುತ್ತದೆ, ಹಿಂದಿನ ಚಕ್ರದ ಮುಂಭಾಗಕ್ಕೆ ಕಲ್ಲೇಟು ಬಿದ್ದು ಫಿಲ್ಮ್ ಹರಿಯುತ್ತದೆ. ದುಡ್ಡು ಕೊಟ್ಟ ಸ್ಪಾನ್ಸರ್ ಹೆಸರು ಹಿಡಿಗಿಂತ ಮೇಲೆ, ಬಾನೆಟ್ಟಿನಲ್ಲಿ, ರೂಫಿನಲ್ಲಿ ಇರಲಿ. ಪ್ರಿಂಟಿನ ಮೇಲೆ ರಕ್ಷಣೆಗೆ ಹಾಕುವ ಪಾರದರ್ಶಕ ಪದರ, ಅಂದರೆ ಲ್ಯಾಮಿನೇಷನ್, ಮ್ಯಾಟ್ (ಹೊಳಪಿಲ್ಲದ್ದು) ಆದರೆ ಧೂಳು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣುದಾರಿಗೆ ಗ್ಲಾಸಿ, ಅಂದರೆ ಹೊಳಪಿನದು, ಒಳ್ಳೆಯದು. ವಿನ್ಯಾಸ ಮುಗಿದ ಮೇಲೆ ಪಕ್ಕದ ನೋಟವನ್ನು ಮೂರು ಸೆಂ.ಮೀ.ಗೆ ಕುಗ್ಗಿಸಿ ಕಪ್ಪುಬಿಳುಪಿನಲ್ಲಿ ನೋಡಿ. ಆಗಲೂ ಕಾರು ಗುರುತು ಸಿಗಬೇಕು, ಮುಖ್ಯ ಸ್ಪಾನ್ಸರ್ ಹೆಸರು ಓದಲು ಬರಬೇಕು. ಹತ್ತಾರು ಬಣ್ಣ ತುಂಬಿದ ಲಿವರಿಗಳು ಇಲ್ಲೇ ಸೋಲುತ್ತವೆ. ತಿಳಿನೀಲಿಯ ಮೇಲೆ ಒಂದೇ ಕಿತ್ತಳೆ ಪಟ್ಟೆ ಎಳೆದ, ಗಲ್ಫ್ ತೈಲ ಕಂಪನಿಯ ಹೆಸರಿನ ರೇಸ್ ಕಾರುಗಳನ್ನು ಇವತ್ತಿಗೂ ಜನ ದೂರದಿಂದಲೇ ಗುರುತಿಸುತ್ತಾರೆ.

ಪ್ರಿಂಟಿನಿಂದ ಕಾರಿನವರೆಗೆ

ಫಿಲ್ಮ್ ‘ಕಾಸ್ಟ್’ (ಎರಕ ಹೊಯ್ದು ಮಾಡಿದ ತೆಳು ವಿನೈಲ್) ಬಗೆಯದ್ದೇ ಆಗಿರಲಿ: 3ಎಂ ಐಜೆ180, ಏವರಿ ಡೆನಿಸನ್ ಎಂಪಿಐ 1105 ಮುಂತಾದವು. ಅಗ್ಗದ ಕ್ಯಾಲೆಂಡರ್ಡ್ (ರೋಲರುಗಳ ನಡುವೆ ಒತ್ತಿ ಮಾಡಿದ) ವಿನೈಲ್ ಚಪ್ಪಟೆ ಬೋರ್ಡಿಗೆ ಸಾಕು. ಬಾಗಿದ ಮೈಮೇಲೆ ಎಳೆದು ಅಂಟಿಸಿದರೆ ಬಿಸಿಲಿಗೆ ಮತ್ತೆ ಕುಗ್ಗಿ ಅಂಚು ಎದ್ದುಬರುತ್ತದೆ. ಪ್ರಿಂಟ್ ರೋಲಿನ ಅಗಲ ಸಾಮಾನ್ಯವಾಗಿ 137 ಸೆಂ.ಮೀ., ಹಾಗಾಗಿ ಕಾರಿನ ಪಕ್ಕವನ್ನು ಫೈಲಿನಲ್ಲೇ ಭಾಗಗಳಾಗಿ ಕತ್ತರಿಸಿ ಕೊಡಿ. ಪ್ರತಿ ಭಾಗಕ್ಕೂ ಸುತ್ತ 5ರಿಂದ 10 ಸೆಂ.ಮೀ. ಬ್ಲೀಡ್ (ಕತ್ತರಿಸಿ ತೆಗೆಯಲು ಬಿಡುವ ಹೆಚ್ಚುವರಿ ಚಿತ್ರ), ಎರಡು ಭಾಗ ಸೇರುವಲ್ಲಿ ಒಂದು ಸೆಂ.ಮೀ. ಒವರ್‌ಲ್ಯಾಪ್ ಬಿಡಿ. ಮುಂದಿನ ತುಂಡು ಹಿಂದಿನದರ ಮೇಲೆ ಬರಬೇಕು. ತಿರುಗಾಮುರುಗಾ ಆದರೆ ಗಾಳಿ ಅಂಚಿನ ಕೆಳಗೆ ನುಗ್ಗಿ ಕಿತ್ತುಹಾಕುತ್ತದೆ.

ಸಾಲ್ವೆಂಟ್ ಇಂಕಿನ ಪ್ರಿಂಟು ಲ್ಯಾಮಿನೇಷನ್‌ಗೆ ಮೊದಲು ಕನಿಷ್ಠ 24 ಗಂಟೆ ಆರಬೇಕು. ರೋಲನ್ನು ಬಿಗಿಯಾಗಿ ಸುತ್ತಿಟ್ಟರೆ ಆರುವುದಿಲ್ಲ. ಒಳಗೆ ಉಳಿದ ಸಾಲ್ವೆಂಟ್ ಅಂಟನ್ನು ಮೆತ್ತಗೆ ಮಾಡುತ್ತದೆ, ಎರಡೇ ವಾರದಲ್ಲಿ ಮೂಲೆಗಳು ಸುರುಟಿಕೊಳ್ಳುತ್ತವೆ. ಶುಕ್ರವಾರ ಸ್ಪರ್ಧೆ ಇಟ್ಟುಕೊಂಡು ಬುಧವಾರ ಫೈಲು ಕೇಳುವ ತಂಡಕ್ಕೆ ಇದನ್ನು ಮೊದಲೇ ಹೇಳಿ. ಫ್ಲೋರೊಸೆಂಟ್ ಬಣ್ಣ ಸಿಎಂವೈಕೆಯಲ್ಲಿ (ಪ್ರಿಂಟರಿನ ನಾಲ್ಕು ಇಂಕುಗಳ ಮಿಶ್ರಣ) ಬರುವುದೇ ಇಲ್ಲ. ಅದಕ್ಕೆ ಅದೇ ಬಣ್ಣದ ವಿನೈಲನ್ನು ಕತ್ತರಿಸಿ ಅಂಟಿಸಬೇಕು. ಪರದೆಯ ಗಾಢ ನೀಲಿ ಪ್ರಿಂಟಿನಲ್ಲಿ ನೇರಳೆಯತ್ತ ತಿರುಗುವುದೂ ಮಾಮೂಲು. ಅದೇ ಫಿಲ್ಮ್, ಅದೇ ಲ್ಯಾಮಿನೇಷನ್‌ನಲ್ಲಿ ಎ4 ಅಳತೆಯ ಸ್ಯಾಂಪಲ್ ತೆಗೆಸಿ, ಬಿಸಿಲಲ್ಲಿ ಹಿಡಿದು ತೋರಿಸಿ, ಒಪ್ಪಿಗೆ ಪಡೆಯಿರಿ.

ಅಂಟಿಸುವವರು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸದೆ ಕೆಲಸ ಶುರುಮಾಡಬಾರದು. ಪಾಲಿಶಿನ ಸಿಲಿಕೋನ್ ಉಳಿದರೆ ಫಿಲ್ಮ್ ಹಿಡಿಯುವುದಿಲ್ಲ. ಮೊನ್ನೆ ತಾನೆ ಪೇಂಟ್ ಆದ ಬಂಪರ್ ಪೂರ್ತಿ ಒಣಗಿರದಿದ್ದರೆ ಗುಳ್ಳೆ ಏಳುತ್ತದೆ. ಹಿಗ್ಗಿಸಿದ ಜಾಗಗಳನ್ನು ಕೊನೆಯಲ್ಲಿ ಹೀಟ್ ಗನ್ನಿನಿಂದ ಫಿಲ್ಮ್ ಕಂಪನಿ ಹೇಳಿದಷ್ಟು ಡಿಗ್ರಿಗೆ ಕಾಯಿಸಿ, ಥರ್ಮಾಮೀಟರ್ ಹಿಡಿದು ಖಚಿತ ಮಾಡಿಕೊಳ್ಳಬೇಕು. ಎರಡೂ ಬಾಗಿಲು, ಬಂಪರುಗಳಿಗೆ ಒಂದು ಜೊತೆ ಹೆಚ್ಚು ಪ್ರಿಂಟ್ ಮಾಡಿಸಿ ಸರ್ವೀಸ್ ವ್ಯಾನಿನಲ್ಲಿ ಇಡಿಸಿ.

ಬಂಡವಾಳವಿಲ್ಲದೆ ಶುರುಮಾಡಲು

ಐರೇಸಿಂಗ್‌ನಂಥ ಸಿಮ್ಯುಲೇಟರಿನ ಲಿವರಿಗೆ ಫಿಲ್ಮಿನ ಖರ್ಚಿಲ್ಲ, ಗ್ರಾಹಕರು ಹೊರದೇಶದಲ್ಲೂ ಇದ್ದಾರೆ. ಅಲ್ಲಿಯ ಟೆಂಪ್ಲೇಟಿನಲ್ಲಿ 2048×2048 ಟಿಜಿಎ (ಒಂದು ಬಗೆಯ ಚಿತ್ರ) ಫೈಲು ಮಾಡಬೇಕು. ಗೆರೆಗಳ ಮಾರ್ಗದರ್ಶಿ ಲೇಯರ್ ಆಫ್ ಮಾಡದೆ ಎಕ್ಸ್‌ಪೋರ್ಟ್ ಮಾಡುವುದು ಹೊಸಬರ ಸಾಮಾನ್ಯ ತಪ್ಪು. ಹೊಳಪಿನ ಸ್ಪೆಕ್ ಮ್ಯಾಪ್‌ನಲ್ಲಿ ಕೆಂಪು ಚಾನೆಲ್ ಲೋಹದ ಗುಣಕ್ಕೆ, ಹಸಿರು ಒರಟುತನಕ್ಕೆ, ನೀಲಿ ಕ್ಲಿಯರ್‌ಕೋಟಿಗೆ (ಬಣ್ಣದ ಮೇಲಿನ ಪಾರದರ್ಶಕ ಪದರ). ಎಡಬದಿಯನ್ನು ಬಲಕ್ಕೆ ನಕಲು ಮಾಡಿದಾಗ ಅಕ್ಷರ ತಿರುಗಿದೆಯೇ ಎಂದು ಕಾರನ್ನು ಸುತ್ತಿಸಿ ನೋಡಿ. ನಿಜವಾದ ಕಾರು ಬೇಕೆಂದರೆ ಫಾರ್ಮುಲಾ ಭಾರತ್ (ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ಸ್ಪರ್ಧೆ) ಆಡುವ ಇಂಜಿನಿಯರಿಂಗ್ ಕಾಲೇಜು ತಂಡಗಳನ್ನು ಕೇಳಿ. ಆ ಕಾರುಗಳ ಮೈ ಚಿಕ್ಕದು, ಕಲಿಯಲು ಅನುಕೂಲ.

ದುಡ್ಡು, ಕಾಗದ

ವಿನ್ಯಾಸ, ಪ್ರಿಂಟು, ಅಂಟಿಸುವ ಕೂಲಿ ಮೂರಕ್ಕೂ ಬೇರೆಬೇರೆ ದರ ಬರೆಯಿರಿ. ಅರ್ಧ ಅಡ್ವಾನ್ಸ್, ಎರಡು ತಿದ್ದುಪಡಿ ದರದಲ್ಲೇ ಸೇರಿದೆ, ಮೂರನೆಯದಕ್ಕೆ ಬೇರೆ ಹಣ ಎಂದು ನಮೂದಿಸಿ. ಬಾಕಿ ಬರುವವರೆಗೆ ಕಡಿಮೆ ರೆಸಲ್ಯೂಷನ್ನಿನ ಚಿತ್ರ ಮಾತ್ರ ಕಳಿಸಿ, ಪ್ರಿಂಟ್ ಫೈಲು ಬೇಡ. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಎಣಿಕೆ. ಟೀ ಶರ್ಟು, ಆಟಿಕೆ ಕಾರುಗಳಿಗೆ ಬಳಸುವುದಾದರೆ ಬೇರೆ ದರ. ಕರ್ನಾಟಕದಲ್ಲಿ ಸೇವೆಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಕಂಪನಿ ಗ್ರಾಹಕರು ಟಿಡಿಎಸ್ ಹಿಡಿದಿದ್ದರೆ ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಿ.