ಅಪ್ಪನ ಸ್ವೆಟರ್, ಒಂದೂ ಹೊಲಿಗೆ ಹಾಕ್ದೆ

ಮೂರನೇ ಸಲಕ್ಕೆ ಸರಿಯಾಯ್ತು ನೋಡಿ. ಅಪ್ಪ ಬೆಳಗಿನ ಜಾವ ನಾಲ್ಕಕ್ಕೆ ಟಿವಿಎಸ್ ಮೇಲೆ ಸೇವಂತಿಗೆ ಮೂಟೆ ಕಟ್ಕೊಂಡು ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್‌ಗೆ ಹೋಗೋವಾಗ ಈಗ ನಾನು ಹೆಣೆದ ಸ್ವೆಟರನ್ನೇ ಹಾಕ್ಕೊಂಡು ಹೋಗ್ತಾರೆ. ಡಿಸೆಂಬರ್‌ನಲ್ಲಿ ನಂದಿಬೆಟ್ಟದ ಕಡೆಯಿಂದ ಬೀಸೋ ಗಾಳಿ ಗೊತ್ತಲ್ಲ.

ನಮ್ಮ ದೊಡ್ಡಮ್ಮ ಹಿಂದೆ, ಮುಂದೆ, ತೋಳು ಎಲ್ಲಾ ಬೇರೆಬೇರೆ ಹಾಕಿ ಹೊಲಿಯೋ ಕಾಲದೋರು. ನಾನು ಸರ್ಕ್ಯುಲರ್ ಕಡ್ಡೀಲಿ (ಎರಡು ಕಡ್ಡಿ ನಡುವೆ ವೈರ್ ಇರೋದು) ಕುತ್ತಿಗೆಯಿಂದ ಶುರು ಮಾಡಿ, ರ್‍ಯಾಗ್ಲಾನ್ ಥರ, ಅಂದ್ರೆ ತೋಳು ಕುತ್ತಿಗೆಯಿಂದ್ಲೇ ಕಂಕುಳಿಗೆ ಓರೆಯಾಗಿ ಇಳಿಯೋ ಹಾಗೆ, ಸುತ್ತು ಹಾಕ್ಕೊಂಡೇ ಕೆಳಗಿಳಿಸ್ತೀನಿ ಅಂದಿದ್ದಕ್ಕೆ "ಅದೇನೇ, ದಿಂಬಿನ ಕವರ್ ಹೆಣೀತಿದೀಯಾ" ಅಂದ್ರು. ಅಮ್ಮಂದು ಬೇರೆ ರಾಗ, ಬಸ್ ಸ್ಟ್ಯಾಂಡ್ ಹತ್ರ 600 ರೂಪಾಯಿಗೆ ಸಿಗುತ್ತಲ್ಲೇ ಅಂತ.

ಮೊದಲನೇದು ಕೆಟ್ಟಿದ್ದು ನನ್ನ ಸೋಮಾರಿತನದಿಂದ. ಸ್ಯಾಂಪಲ್ ಹಾಕಿದ್ದೆ, ಆದ್ರೆ ಮಾಮೂಲಿ ಥರ ಸೀದಾ ಒಂದು ಸಾಲು ಉಲ್ಟಾ ಒಂದು ಸಾಲು. ಇಂಚಿಗೆ ಐದು ಮನೆ (ಕಡ್ಡಿ ಮೇಲಿನ ಕುಣಿಕೆ) ಬಂತು, ಎದೆಗೆ 205 ಇಟ್ಟೆ. ಸುತ್ತಲ್ಲಿ ಉಲ್ಟಾ ಸಾಲೇ ಇರಲ್ವಲ್ಲ, ನನ್ನ ಉಲ್ಟಾ ಸಡಿಲ, ಸೀದಾ ಬಿಗಿ, ಅಲ್ಲಿ ಐದೂವರೆ ಬಂದ್ಬಿಡ್ತು. 41 ಇಂಚು ಆಗ್ಬೇಕಾಗಿದ್ದು 37 ಆಯ್ತು, ಅಪ್ಪನ ಎದೇನೇ 38. ಅದು ತಮ್ಮನ ಪಾಲಾಯ್ತು.

ಎರಡನೇದಕ್ಕೆ ನಾಲ್ಕು ಉಂಡೆ ಇಲ್ಲೇ ತಗೊಂಡು, ಸಾಲದೆ ಬಂದಿದ್ದಕ್ಕೆ ಎರಡು ಬೆಂಗಳೂರು ಚಿಕ್ಕಪೇಟೆಯಿಂದ ತರಿಸ್ದೆ. ಶೇಡ್ ನಂಬರ್ ಒಂದೇ, ಲಾಟ್, ಅಂದ್ರೆ ಬಣ್ಣ ಅದ್ದಿದ ಸರದಿ, ಬೇರೆ. ಟ್ಯೂಬ್‌ಲೈಟಲ್ಲಿ ಏನೂ ಕಾಣ್ಲಿಲ್ಲ, ಬೆಳಗ್ಗೆ ಬಿಸಿಲಿಗೆ ಹಿಡಿದ್ರೆ ಹೊಟ್ಟೆ ಮೇಲೆ ಪಟ್ಟೆ! ಸಾಲದ್ದಕ್ಕೆ ಅಂಚು ಸುರುಳಿ ಸುತ್ತುತ್ತೆ ಅಂತ ಇಸ್ತ್ರಿ ಬೇರೆ ಇಟ್ಟೆ. ಅಕ್ರಿಲಿಕ್ ಅಲ್ವಾ, ಬಾರ್ಡರ್ ಜೀವ ಹೋಗಿ ಒದ್ದೆ ಬಟ್ಟೆ ಥರ ಜೋತು ಬಿತ್ತು. ಆ ಭಾಗ ಕತ್ತರಿಸಿ ಬಿಸಾಕಿ ಮಿಕ್ಕಿದ್ದೆಲ್ಲಾ ಬಿಚ್ಚಿದೆ, ಅವತ್ತು ರಾತ್ರಿ ಊಟಾನೂ ಸೇರ್ಲಿಲ್ಲ.

ಮಧ್ಯ ಇನ್ನೊಂದು ಹುಚ್ಚು. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚೋ ನೆಂಟರ ಹತ್ರ ಸ್ವಲ್ಪ ರೇಷ್ಮೆ ಇಸ್ಕೊಂಡು ಉಲ್ಲನ್ ಜೊತೆ ಸೇರಿಸಿ ಹಾಕಿ ನೋಡ್ದೆ. ಹೊಳಪು ಚೆನ್ನಾಗೇ ಬಂತು, ಆದ್ರೆ ರೇಷ್ಮೆ ಎಳೆದ್ರೆ ವಾಪಸ್ ಬರಲ್ಲ, ಮುಂಗೈ ಬಾರ್ಡರ್ ಎರಡೇ ದಿನಕ್ಕೆ ಬಾಯಿ ಬಿಡ್ತು.

ಮೂರನೇದಕ್ಕೆ 225ರ ಹತ್ರ ಮನೆ, ಎರಡು ಲಾಟನ್ನೂ ಎರಡೆರಡು ಸುತ್ತಿಗೆ ಬದಲಾಯಿಸ್ತಾ ಹೋದೆ, ಪಟ್ಟೆ ಮಾಯ. ಗುಟ್ಟಾಗಿ ಮಾಡ್ತಿದ್ದಿದ್ರಿಂದ ಅಪ್ಪನಿಗೇ ಹಾಕಿ ನೋಡೋ ಹಾಗಿರ್ಲಿಲ್ಲ, ಅವರ ಹಳೇ ಶರ್ಟೇ ಅಳತೆ. ತೋಳು ಮಾತ್ರ ಎರಡಿಂಚು ಜಾಸ್ತಿ ಇಟ್ಟೆ, ಹ್ಯಾಂಡಲ್ ಹಿಡಿದಾಗ ಮುಂಗೈ ಬಾರ್ಡರ್ ಮೇಲೇರಿ ಮಣಿಕಟ್ಟು ತಣ್ಣಗಾಗೋದು ಅಂಗಡಿ ಸ್ವೆಟರಲ್ಲಿ ನೋಡಿದ್ದೆ. ಕಂಕುಳ ಹತ್ರ ತೋಳಿನ ಮನೆ ಎತ್ಕೊಂಡು ಹೆಣೆಯೋಕೆ ಶುರು ಮಾಡೋವಾಗ ತೂತು ಬೀಳುತ್ತಲ್ಲ, ನಂದ್ರಲ್ಲಿ ಬಿದ್ದಿಲ್ಲ. ಹೇಗೆ ಅಂತ ಹೇಳಲ್ಲ, ನಾನು ಮೂರು ಸಲ ಬಿಚ್ಚಿ ಕಲ್ತಿದ್ದು.

ಖರ್ಚು ಎಲ್ಲಾ ಸೇರಿ 1,500 ಆಗಿರ್ಬೇಕು, ಕಡ್ಡಿ 250 ಬಿಟ್ಟು. ಅಪ್ಪ ಕೇಳಿದ್ದಕ್ಕೆ 400 ಅಂದಿದೀನಿ. ದೊಡ್ಡಮ್ಮ ಬಂದು ಸ್ವೆಟರ್ ಒಳಮೈ ತಿರುಗಿಸಿ, ಕನ್ನಡಕ ಹಾಕ್ಕೊಂಡು ಕಂಕುಳಲ್ಲಿ ಹೊಲಿಗೆ ಹುಡುಕಿದ್ದೇ ಹುಡುಕಿದ್ದು. ಸಿಗ್ಲಿಲ್ಲ. "ಕುತ್ತಿಗೆ ಒಂಚೂರು ಅಗಲ ಆಯ್ತು" ಅಂದು ಕಾಫಿ ಕುಡ್ದು ಹೋದ್ರು.